ಭಾವನ ಜೀಪು ಸೋರುತ್ತಿದ್ದ ಕಾಲ

ಹಿಂದೂಪುರದ ಬಸ್ ಸ್ಟ್ಯಾಂಡಿನ ಗೇಟಿನ ಹೊರಗೆ, ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ, ಇವತ್ತು ಬೆಳಿಗ್ಗೆ ಒಂದು ಎಣ್ಣೆಯ ಕಲೆ ಕಂಡಿತು. ರೊಟ್ಟಿಯಷ್ಟು ಅಗಲ, ಕಪ್ಪು, ಇನ್ನೂ ಹಸಿ. ಅದರಲ್ಲೇನು ವಿಶೇಷ, ಬಸ್ ಸ್ಟ್ಯಾಂಡಿನಲ್ಲಿ ಎಣ್ಣೆಯ ಕಲೆಗೆ ಬರವೇ ಎನ್ನಬೇಡಿ. ಇಂಜಿನ್ ಎಣ್ಣೆಯ ವಾಸನೆ ಬೇರೆ, ಹಿಂದಿನ ಆಕ್ಸಲ್ಲಿನ ಗೇರ್ ಎಣ್ಣೆಯ ವಾಸನೆ ಬೇರೆ. ಈ ಎರಡನೆಯದು ಬೆಳ್ಳುಳ್ಳಿ ಸೀದ ಹಾಗೆ ಮೂಗಿಗೆ ಹೊಡೆಯುತ್ತದೆ. ಒಮ್ಮೆ ಅಂಗಿಗೆ ಹತ್ತಿದರೆ ಹೆಂಡತಿ ಆ ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಾಳೆ. ನೂಲಿನ ಅಂಗಡಿ ಇಟ್ಟುಕೊಂಡವನಿಗೆ ಈ ಜ್ಞಾನ ಎಲ್ಲಿಂದ ಬಂತು ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ. ಅಕ್ಕನ ಬಸ್ಸು ಬರಲು ಇನ್ನೂ ಹೊತ್ತಿದೆ.

ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಭಾವನವರದೂ ನಮ್ಮ ಹಾಗೆ ನೇಕಾರರ ಮನೆತನವೇ, ಆದರೆ ಅವರ ಮನೆಯವರು ಮಗ್ಗ ಬಿಟ್ಟು ಒಂದು ತಲೆಮಾರಾಯಿತು. ಭಾವನ ಕೆಲಸ ಬೋರ್‌ವೆಲ್ಲಿನ ಮೋಟರ್ ಎತ್ತುವುದು, ಇಳಿಸುವುದು. ಬ್ರಹ್ಮಸಮುದ್ರದ ಕಡೆಯ ಹೊಲಗಳಿಗೆ ಹೋದರೆ ಉತ್ತ ಮಣ್ಣಿಗೇ ಗಾಡಿ ಇಳಿಸಬೇಕು. ಅದಕ್ಕಾಗಿ ನಾಲ್ಕೂ ಚಕ್ರ ತಿರುಗುವ ಒಂದು ಹಳೇ ಜೀಪು. ಅದರ ಮೇಲೆ ಅವರಿಗೆ ವಿಪರೀತ ಮಮತೆ. ಆಯುಧಪೂಜೆಯಲ್ಲಿ ಲೋಕದ ಜನ ಗಾಡಿಯ ಮುಖಕ್ಕೆ ಹೂವು, ಕುಂಕುಮ ಇಟ್ಟು ಕೈಮುಗಿದರೆ, ಭಾವ ಹಿಂದಿನ ದಿನವೇ ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಿದ್ದರು. ಆಕ್ಸಲ್ಲು, ಸ್ಪ್ರಿಂಗ್ ಪಟ್ಟಿ, ಯಾರ ಕಣ್ಣಿಗೂ ಬೀಳದ ಸಂದಿಗೊಂದಿ, ಎಲ್ಲಕ್ಕೂ ಕಪ್ಪು ಬಣ್ಣ. "ಮೊಕಕ್ಕೆ ಪೌಡ್ರು ಯಾರ್ ಬೇಕಾದ್ರೂ ಹಾಕ್ತಾರೆ ಕಣಪ್ಪ. ತುಕ್ಕು ಹಿಡಿಯೋದು ಕೆಳಗೆ" ಎನ್ನುತ್ತಿದ್ದರು.

ಅಕ್ಕನಿಗೆ ಎದೆಯ ಆಪರೇಷನ್ ಆದ ಮೇಲೆ ಈ ಮಮತೆಯೆಲ್ಲ ಅವಳ ಕಡೆ ತಿರುಗಿತು. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದರು: ಪೂರ್ತಿ ವಾಸಿಯಾಗಿದೆ, ನಡೆಯಲಿ, ಕೆಲಸ ಮಾಡಲಿ, ಊರೂರು ತಿರುಗಲಿ. ಭಾವ ಅಲ್ಲಿ ತಲೆಯಾಡಿಸಿ, ಮನೆಗೆ ಬಂದು ತಮ್ಮದೇ ಕಾನೂನು ಮಾಡಿದರು. ಕೊಡ ಎತ್ತಬಾರದು, ಬಗ್ಗಬಾರದು, ಮೆಟ್ಟಿಲು ಇಳಿಯಬಾರದು. ತವರಿಗೆ ಬರುವುದಾದರೆ ಜೀಪಿನಲ್ಲೇ. ಬೆನ್ನಿಗೊಂದು ದಿಂಬು, ಸೊಂಟಕ್ಕೊಂದು ದಿಂಬು. ಇಲ್ಲಿ ಊಟ ಮುಗಿದು ಕೈ ಒಣಗುವ ಮೊದಲೇ ಬೀದಿಯಲ್ಲಿ ಹಾರನ್ ಕೇಳುತ್ತಿತ್ತು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಮ್ಮನ ಕಾಲದ ಮಗ್ಗ ಇದೆ. ಕಾಯಿಲೆ ಬೀಳುವ ಮುಂಚೆ ಬಂದಿದ್ದಾಗ ಅಕ್ಕ ಅದರಲ್ಲಿ ಒಂದು ಸೀರೆ ಶುರು ಮಾಡಿದ್ದಳು. ಹಸಿರು ಒಡಲು, ಕೆಂಪು ಅಂಚು. ಮೊಳದಷ್ಟು ನೇಯ್ದಿದ್ದಳು, ಅಷ್ಟೆ. ಬಸ್ಸಿನಲ್ಲಿ ಒಬ್ಬಳೇ ಬಂದು, ಮನಸ್ಸಿಗೆ ಬಂದಷ್ಟು ದಿನ ಇದ್ದು, ಅದನ್ನು ನೇಯ್ದು ಮುಗಿಸಬೇಕು. ಪ್ರತಿ ಸಲ ಬಂದಾಗಲೂ ಆ ಕೋಣೆಗೆ ಹೋಗಿ ಧೂಳಿಗೆಂದು ನನ್ನ ಹೆಂಡತಿ ಹೊದಿಸಿದ್ದ ಹಳೇ ಪಂಚೆ ಸರಿಸುತ್ತಿದ್ದಳು, ಲಾಳಿ ಕೈಗೆತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹಾರನ್. ಲಾಳಿ ಇಟ್ಟು ಎದ್ದುಬಿಡುತ್ತಿದ್ದಳು. ಜಗಳವಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇಂಥದ್ದರಲ್ಲಿ ಜೀಪು ಸೋರಲು ಶುರುವಾಯಿತು. ಹಿಂದಿನ ಎಡಗಡೆ ಚಕ್ರದ ಒಳಗಿನಿಂದ ಗೇರ್ ಎಣ್ಣೆ ಇಳಿದು, ಬ್ರೇಕೆಲ್ಲ ನೆಂದು, ಕಾಲಿಟ್ಟರೆ ಗಾಡಿ ನಿಲ್ಲುವ ಬದಲು ಪಕ್ಕಕ್ಕೆ ಎಳೆಯುತ್ತಿತ್ತು. ಆಕ್ಸಲ್ಲಿನ ತುದಿಯಲ್ಲಿ ಎಣ್ಣೆ ತಡೆಯುವ ಸೀಲು ಎಂಬುದೊಂದು ಇರುತ್ತದೆ. ಉಕ್ಕಿನ ಬಳೆ, ಅದರೊಳಗೊಂದು ರಬ್ಬರಿನ ತುಟಿ, ಅಷ್ಟೆ. ಭಾವ ಹೊಸ ಸೀಲು ಹಾಕಿದರು. ಸೋರಿತು. ಮತ್ತೊಂದು ಹಾಕಿದರು. ಅದೂ ಸೋರಿತು. ಕಲ್ಯಾಣದುರ್ಗದಲ್ಲಿ ಭಾವ ಎಲ್ಲೆಲ್ಲಿ ಟೀ ಕುಡಿದರೆಂದು ಕಲೆ ನೋಡಿಯೇ ಹೇಳಬಹುದಿತ್ತು. ಬ್ರೇಕಿಲ್ಲದ ಗಾಡಿಯಲ್ಲಿ ಅಕ್ಕನನ್ನು ಕೂರಿಸುವ ಮಾತೇ ಇಲ್ಲ. ಬಸ್ಸಿಗಂತೂ ಭಾವ ಮೊದಲೇ ಒಪ್ಪುವವರಲ್ಲ. ಒಂದು ದಿನ ಅಕ್ಕ ಫೋನ್ ಮಾಡಿದಳು.

"ಜೀಪು ನಿಂತೋಯ್ತು ಕಣೋ. ಇನ್ ನಾನೂ ನಿಂತಂಗೇ. ಆ ಸೀರೆ ಬೇರೆ ಯಾರ್ ಕೈಲಾದ್ರೂ ನೇಯ್ಸಿಬುಡು."

ಮಾರನೆಯ ದಿನವೇ ಹಿಂದೂಪುರದಲ್ಲಿ ಒಂದು ಒಳ್ಳೆಯ ಸೀಲು ಕೊಂಡು, ಹಣ್ಣು ಹಂಪಲಿನ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಭಾವ ಹೊಸ ಬ್ರೇಕ್ ಲೈನಿಂಗ್ ತರಲು ಜೀಪನ್ನು ಮೆಲ್ಲಗೆ ಪೇಟೆಗೆ ಓಡಿಸಿ ಬಂದಿದ್ದರು. ಆಕ್ಸಲ್ಲು ಇನ್ನೂ ಬಿಸಿಯಿತ್ತು. ಅಂಗಳದಲ್ಲಿ ಜಾಕ್ ಏರಿಸಿ, ಚಕ್ರ ಬಿಚ್ಚಿ, ಕೆಳಗೆ ನುಗ್ಗಿದರು. ಅಕ್ಕ ಜಗುಲಿಯ ಮಂಚದ ಮೇಲೆ. ನಾನು ಸಹಾಯಕ, ಅಂದರೆ ಟಾರ್ಚ್ ಹಿಡಿಯುವವನು.

"ಬೆಳಕು ಆಕ್ಸಲ್ಲಿಗೆ ಬುಡಪ್ಪಾ ಬಾಮೈದ, ನನ್ ಕಣ್ಣಿಗಲ್ಲ" ಎಂದು ಕೆಳಗಿನಿಂದ ಕೇಳಿತು.

"ಹೊಸದು ಹಾಕಿದ್ರೂ ಯಾಕೆ ಎಣ್ಣೆ ಆಚೆ ಬತ್ತೈತೆ?" ಅಕ್ಕ ಮಂಚದಿಂದಲೇ ಕೇಳಿದಳು.

"ಸೀಲು ಡೂಪ್ಲಿಕೇಟು. ನೀನು ಮಲಕ್ಕೋ."

"ಎಲ್ಲಾ ಸೀಲೂ ಡೂಪ್ಲಿಕೇಟಾ?"

ಭಾವ ಪಾನಾ ಕೈಗೆತ್ತಿಕೊಂಡರು. ಎಣ್ಣೆ ಬಸಿಯಲೆಂದು ಆಕ್ಸಲ್ಲಿನ ಹೊಟ್ಟೆಯ ಬಿರಡೆ ತಿರುಗಿಸಿದರು. ಅದು ಸಡಿಲವಾಗುತ್ತಲೇ ಬುಸ್ಸೆಂದು ಗಾಳಿ ಹೊರನುಗ್ಗಿ, ಒಂದು ಹನಿ ಎಣ್ಣೆ ಭಾವನ ಹಣೆಗೂ ಉಳಿದದ್ದು ನನ್ನ ಬಿಳಿ ಅಂಗಿಗೂ ಹಾರಿತು. ನಾನು ಅಂಗಿಯ ಚಿಂತೆಯಲ್ಲಿದ್ದೆ. ಅಕ್ಕ ಮಂಚದ ಮೇಲೆ ಎದ್ದು ಕೂತಿದ್ದಳು.

"ಕುಕ್ಕರ್ ಸದ್ದಿದ್ದಂಗೈತೆ. ವಿಷಲ್ ಕೆಳಗಿನ ತೂತು ಕಟ್ಕಂಡ್ರೆ ಗ್ಯಾಸ್ಕೆಟ್ ಹತ್ರ ಸೋರಲ್ವಾ, ಹಂಗೇ. ಇದ್ಕೂ ಎಲ್ಲೋ ಒಂದು ತೂತು ಇರ್ಬೇಕು, ನೋಡ್ರಿ."

ಆಮೇಲೆ ಭಾವ ಟಾರ್ಚ್ ಇಸಕೊಂಡರು. ಬಿಸಿ ಗಾಳಿ ಹೊರಗೆ ಹೋಗಲೆಂದು ಆಕ್ಸಲ್ಲಿನ ಮೇಲ್ಗಡೆ ಬಟನ್ನಿನಷ್ಟು ಚಿಕ್ಕ ಟೋಪಿಯಂಥದೊಂದು ಇರುತ್ತದೆಯಂತೆ, ಬ್ರೀದರ್ ಎನ್ನುತ್ತಾರೆ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಲ್ಲಿ ಟೋಪಿ ಇರಲಿಲ್ಲ. ಕಪ್ಪಗೆ ಒಂದು ಗುಬುಟು ಇತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದರು. ಪದರ ಪದರವಾಗಿ ಬಣ್ಣ ಎದ್ದು ಬಂತು. ಒಂದೊಂದು ಆಯುಧಪೂಜೆಗೆ ಒಂದೊಂದು ಪದರ. ತುಕ್ಕು ಹಿಡಿಯಬಾರದೆಂದು ಭಾವ ತಮ್ಮ ಕೈಯಾರೆ ಅದರ ಉಸಿರು ಕಟ್ಟಿದ್ದರು.

ಅವರು ಕೆಳಗಿನಿಂದ ಈಚೆ ಬಂದು, ಆ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟರು. ನಾನು ನಗಬೇಕೆಂದಿದ್ದವನು ಅವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

"ತೂತಿಗೆ ಸಣ್ಣದೇನಾದ್ರೂ ಬೇಕು, ಸೂಜಿಯಂಗೆ" ಎಂದರು, ಯಾರಿಗೂ ಅಲ್ಲದ ಹಾಗೆ.

ಅಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು. ಮಂಚದಿಂದ ಇಳಿದಳು. ಜಗುಲಿಯ ಮೆಟ್ಟಿಲು ಇಳಿದಳು. ಅಂಗಳ ದಾಟಿ ಬಂದು, ಬಗ್ಗಿ, ಪಿನ್ನು ಅವರ ಕೈಗೆ ಕೊಟ್ಟಳು. ಕಾನೂನುಗಳೆಲ್ಲ ಒಂದೊಂದಾಗಿ ಮುರಿದವು. ಭಾವ ನೋಡುತ್ತಲೇ ಇದ್ದರು, ಬೇಡ ಎನ್ನಲಿಲ್ಲ. ನನ್ನ ಕಣ್ಣು ಮಂಜಾಯಿತು. ಗೇರ್ ಎಣ್ಣೆ ಸಿಡಿದದ್ದಕ್ಕೆ ಎಂದು ಆಗ ಹೇಳಿಕೊಂಡೆ. ಈಗ ನಿಮ್ಮ ಹತ್ತಿರ ಯಾಕೆ ಮುಚ್ಚುಮರೆ.

ಮಿಕ್ಕ ಕೆಲಸ ಸುಮಾರಾಗಿ ಸುಗಮವಾಗಿತ್ತು. ಬ್ರೀದರನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಾಯಲ್ಲಿ ಊದಿ ನೋಡಿದರು. ಆಕ್ಸಲ್ಲಿನ ಉದ್ದ ಕೋಲನ್ನು ಹೊರಗೆಳೆದು, ಹಳೇ ಸೀಲು ಮೀಟಿ, ಹೊಸದರ ತುಟಿಗೆ ಗ್ರೀಸ್ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಬ್ರೇಕಿಗೆ ಹೊಸ ಲೈನಿಂಗ್ ಹಾಕಿ, ಹೊಸ ಎಣ್ಣೆ ತುಂಬಿ, ಊರಾಚೆ ಓಡಿಸಿ ಬಂದು ಬಗ್ಗಿ ನೋಡಿದೆವು. ಚಕ್ರ ಒಣಗಿತ್ತು. ಭಾವ ಸೋಪಿನ ಪುಡಿಯಲ್ಲಿ ಕೈ ಉಜ್ಜುತ್ತಾ, ತಲೆ ಎತ್ತದೆ, ಅಕ್ಕನನ್ನು ಕೇಳಿದರು:

"ಬಸ್ಸಿಗೆ ಹೋಯ್ತೀಯಾ?"

ಜೀಪು ರಿಪೇರಿಯಾದ ದಿನವೇ ಇವರು ಬಸ್ಸಿನ ಮಾತಾಡುತ್ತಿದ್ದಾರಲ್ಲ ಎಂದು ನಾನು ಬೆಪ್ಪಾಗಿ ನಿಂತೆ. ಅಕ್ಕ ಮಾತ್ರ "ಹೂಂ, ಹೋಯ್ತೀನಿ" ಎಂದು ಚೀಲ ಹುಡುಕಲು ಒಳಗೆ ಹೋದಳು.

ಅವಳು ಹೊರಟ ದಿನ ಭಾವ ಕಂಡಕ್ಟರಿಗೆ "ಅಮ್ಮನಿ ಜಾಗ್ರತ್ತಗಾ ದಿಂಚಯ್ಯಾ", ಅಮ್ಮನನ್ನು ಹುಷಾರಾಗಿ ಇಳಿಸಪ್ಪಾ ಎಂದು ತೆಲುಗಿನಲ್ಲಿ ಹೇಳಿದ್ದನ್ನೇ ಹೇಳಿ ಹೇಳಿ ಅವನ ತಲೆ ತಿಂದರಂತೆ. ಇಲ್ಲಿ ಅಕ್ಕ ನಗುನಗುತ್ತಾ ಬಸ್ಸಿಳಿದಳು. ನಾನು ಆಟೋ ಕರೆಯಲೆಂದು ಗೇಟಿನ ಕಡೆ ತಿರುಗಿದರೆ, ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ಜೀಪು! ಸ್ಟೇರಿಂಗಿನ ಹಿಂದೆ ಅರ್ಧ ತಲೆ. ಕಲ್ಯಾಣದುರ್ಗದಿಂದ ಬಸ್ಸಿನ ಹಿಂದೆಯೇ ಬಂದಿದ್ದರು ಮಹಾರಾಯರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ನಾನು ಅಕ್ಕನಿಗೆ ಅಡ್ಡವಾಗಿ ನಿಂತು ಆಟೋ ಹತ್ತಿಸಿದೆ. ಆಟೋದಲ್ಲಿ ಸ್ವಲ್ಪ ದೂರ ಬಂದ ಮೇಲೆ ಅಕ್ಕ ಅಂದಳು:

"ಟೀಗೆ ಬಸ್ ನಿಲ್ಸಿದಾಗ ಲಾರಿ ಮರೇಲಿ ನಿಂತಿದ್ರು ಕಣೋ. ನೋಡ್ದೆ ಅಂದ್ರೆ ನಾಚ್ಕಂತಾರೆ. ಇರ್ಲಿ ಬುಡು."

ಆಮೇಲೆ ಅದೇ ಪದ್ಧತಿಯಾಯಿತು. ಅಕ್ಕ ಬಸ್ಸಿನಲ್ಲಿ, ಭಾವ ಹಿಂದೆ. ಇಬ್ಬರಿಗೂ ನಾನು ಏನೂ ಗೊತ್ತಿಲ್ಲದವನು. ಹಸಿರು ಸೀರೆ ಮುಗಿಯಿತು. ಇವತ್ತು ಹೊಸ ಸೀರೆಗೆ ಕೈ ಹಾಕಲು ಬರುತ್ತಿದ್ದಾಳೆ.

ಈ ಎಣ್ಣೆಯ ಕಲೆ ಕಂಡು ನನಗೆ ದಿಗಿಲಾದದ್ದು ಅದಕ್ಕೇ. ಭಾವನ ಜೀಪು ಮತ್ತೆ ಸೋರುತ್ತಿದೆಯೇ? ಸುತ್ತ ಹುಡುಕಿದೆ. ಜೀಪು ಎಲ್ಲೂ ಇಲ್ಲ. ಫೋನ್ ಮಾಡಿದೆ. ಒಂದು ರಿಂಗ್ ಮುಗಿಯುವ ಮೊದಲೇ ಎತ್ತಿದರು.

"ಬಸ್ ಬಂತಾ?"

"ಇನ್ನೂ ಇಲ್ಲ. ನೀವೆಲ್ಲಿದೀರಾ ಭಾವ?"

"ಮನೇಲೇ ಇದೀನಿ ಕಣಪ್ಪ." ಅವರ ಹಿಂದೆ ಕೋಳಿ ಕೂಗಿದ್ದು ಕೇಳಿತು. "ಚೆನ್ನಾಗೇ ಹೋಗಿ ಬತ್ತಾಳಲ್ಲ. ಇನ್ ಯಾಕೆ ಅಂತ ಕುಂತ್ಕಂಡೆ."

ಕಲೆ ಯಾವುದೋ ಬೇರೆ ಗಾಡಿಯದು. ಅಷ್ಟರಲ್ಲಿ ಬಸ್ಸೂ ಬಂತು. ಅಕ್ಕ ಹಸಿರು ಸೀರೆ ಉಟ್ಟು ಇಳಿದಳು. ಚೀಲ ನನ್ನ ಕೈಗೆ ಕೊಟ್ಟು, ಏನೂ ಅರಿಯದವಳ ಹಾಗೆ ಕಬ್ಬಿನ ಹಾಲಿನ ಗಾಡಿಯ ಕಡೆ ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ಇವತ್ತು ಬರ್ಲಿಲ್ವೇನೋ? ಟೀ ಅಂಗಡಿ ಹತ್ರಾನೂ ಕಾಣ್ಲಿಲ್ಲ."

ಅವಳ ಮುಖ ಸಣ್ಣಗಾಗಿತ್ತು. ನಾನು ಭಾವನಿಗೆ ಮತ್ತೆ ಫೋನ್ ಮಾಡಿ, ಅದನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಗಿಟ್ಟುಕೊಂಡು, ನನಗೆ ಬೆನ್ನು ತಿರುಗಿಸಿ ನಿಂತು ಅಂದಳು:

"ಏನ್ರೀ, ವಾಪಸ್ ಬರೋವಾಗ ನೀವೇ ಬಂದು ಕರ್ಕಂಡೋಗಿ. ಹೂಂ, ಜೀಪಲ್ಲೇ. ದಿಂಬು ಮಾತ್ರ ತರ್ಬ್ಯಾಡಿ."