ಹಸಿ ತಲೆಯ ಎಂಟು ಬೆಳಗು

ಖಾಲಾರ ಕೂದಲು ಬೈತಲೆಯ ಎರಡೂ ಬದಿಗೆ ಮದರಂಗಿ ಹಚ್ಚಿ ಕೆಂಪಾಗಿತ್ತು. ಕೆಳಗಿಳಿದಂತೆ ಕಪ್ಪು, ತುದಿಯಲ್ಲಿ ಇಲಿಬಾಲದಷ್ಟು ತೆಳು. ಮನೆಯೊಳಗೆ ಆ ಕೂದಲನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಯಲಿನಲ್ಲಿ, ಸೆರಗಿಲ್ಲದೆ, ನೀರು ತೊಟ್ಟಿಕ್ಕುತ್ತಿರುವಾಗ ನೋಡಿದ್ದು ಮಾತ್ರ ಎಂಟೇ ದಿನ. ಆಗ ನನಗೆ ಹತ್ತು ವರ್ಷ.

ಯಲ್ಲಾಪುರದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದ ಮನೆ ಅವರದು. ಅಪ್ಪಯ್ಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದರು. ಖಾಲಾರ ಯಜಮಾನರು ಯಲ್ಲಾಪುರದಿಂದ ಶಿರಸಿಗೆ ಹೋಗಿ ಬರುವ ಸರ್ವಿಸ್ ಮೋಟಾರಿನ ಡ್ರೈವರ್. ಎರಡು ಹಿತ್ತಲುಗಳ ನಡುವೆ ಬಿದಿರಿನ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ನನ್ನಷ್ಟು ದೊಡ್ಡವರು ಬಗ್ಗಿದರೆ ದಾಟಬಹುದಿತ್ತು, ಖಾಲಾ ದಾಟಬೇಕಾದರೆ ಉಸಿರು ಬಿಗಿಹಿಡಿಯಬೇಕಿತ್ತು. ಖಾಲಾ ಎಂದರೆ ತಾಯಿಯ ತಂಗಿ, ಹಾಗೇ ಕರೆಯಬೇಕು ಎಂದು ಹೇಳಿಕೊಟ್ಟವರು ಅವರೇ. ಅಷ್ಟು ಹೊತ್ತಿಗೆ ನನಗೆ ತಾಯಿ ಇರಲಿಲ್ಲ.

ಆಯಿ ಹೋದದ್ದು ನನಗೆ ಆರು ವರ್ಷವಾಗಿದ್ದಾಗ. ಮಾರ್ಗಶಿರದ ಒಂದು ಶುಕ್ರವಾರ ಬೆಳಿಗ್ಗೆ ಅವಳು ತಲೆ ಮಿಂದು ಬಚ್ಚಲಿನಿಂದ ಹೊರಗೆ ಬರುವುದಕ್ಕೂ ರಸ್ತೆಯಲ್ಲಿ ಮೋಟಾರಿನ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ಮೋಟಾರು ನೋಡುವ ಹುಚ್ಚು ನನಗೆ. ಓಡಿಬಿಟ್ಟೆ. ಆಯಿ ಕೂದಲು ಒರೆಸಿಕೊಳ್ಳುವುದನ್ನೂ ಬಿಟ್ಟು ನನ್ನ ಹಿಂದೆಯೇ ಬಂದಳು. ಅವಳು ಬರುವುದನ್ನು ಕಂಡು ನಾನು ಮೋಟಾರು ನಿಲ್ಲುವಲ್ಲಿ ಒಟ್ಟಿದ್ದ ಅಕ್ಕಿ ಮೂಟೆಗಳ ಹಿಂದೆ ಅಡಗಿ ಕೂತೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಾಲ್ಕು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಅವಳು ನನ್ನ ಹೆಸರು ಹಿಡಿದು ಕರೆದಳು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ನಾಲ್ಕನೆಯ ಸಲ ಕರೆದಾಗ ಅವಳ ದನಿ ಒಡೆದಿತ್ತು, ಆಗ ಎದ್ದು ಬಂದೆ. ಅದೇ ಸಂಜೆ ಅವಳಿಗೆ ನಡುಕ ಹತ್ತಿತು. ದಿನ ಬಿಟ್ಟು ದಿನ ನಡುಕ, ಕಂಬಳಿಯ ಮೇಲೆ ಕಂಬಳಿ. ಸಂಕ್ರಾಂತಿಯ ಎಳ್ಳು ಬೀರಲು ಅವಳು ಉಳಿಯಲಿಲ್ಲ.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: ಹಸಿ ತಲೆಯಲ್ಲಿ ಮಂಜಿಗೆ ಹೋದಳಂತೆ, ಶೀತ ನೆತ್ತಿಗೆ ಏರಿತಂತೆ. ಯಾಕೆ ಹೋದಳು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೇನೋ. ಕೇಳದೆ ಹೋದದ್ದರಿಂದ ಅದು ನನ್ನೊಳಗೇ ಕೂತಿತು.

ಸೋಂದೆಯ ಕಡೆಯಿಂದ ಅಜ್ಜಿ ಬಂದು ಮನೆ ವಹಿಸಿಕೊಂಡಳು. ಸೊಸೆ ಹೋದ ರೀತಿಗೆ ಹೆದರಿ ನನ್ನ ತಲೆಗೆ ನೀರು ತೋರಿಸುವುದನ್ನೇ ಬಿಟ್ಟಳು. ತಿಂಗಳಿಗೊಮ್ಮೆ, ಅದೂ ನಡುಮಧ್ಯಾಹ್ನ. ಆಯಿಯಿಂದ ಬಂದ ದಟ್ಟ ಕೂದಲು ನನ್ನದು. ಸಿಕ್ಕುಗಟ್ಟಿತು, ಹೇನು ಬಿತ್ತು. ಒಂದು ದಿನ ಅಜ್ಜಿ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಕತ್ತರಿ ತಂದಳು.

"ಇದ್ರ ಬಾಚಲೆ ಯನ್ನ ಕೈಲಿ ಆಗ್ತಿಲ್ಲೆ ಕೂಸೇ," ಎಂದಳು. ಅವಳ ಕಣ್ಣಲ್ಲೂ ನೀರಿತ್ತು.

ಬೇಲಿಯ ಆಚೆಯಿಂದ ದನಿ ಬಂತು. "ಅಜ್ಜೀ, ಕತ್ತರಿ ಕೆಳಗ ಇಡ್ರಿ. ಮೀಸೋದು ನಿಮ್ಮ ಜಿಮ್ಮಾ, ಒಣಗಿಸೋದು ನನ್ನ ಜಿಮ್ಮಾ. ನನ್ನ ಮನ್ಯಾಗ ಮೂರೂ ಗಂಡಸ್ರು, ಮೂರೂ ಬೋಳು ತಲಿ. ಒಂದು ಜಡಿ ಕೈಗೆ ಸಿಗಲಿ ಅಂತ ಕಾದು ಕುಂತೀನಿ."

ಅಂದಿನಿಂದ ಶುಕ್ರವಾರವೆಂದರೆ ಖಾಲಾರ ಮನೆ. ಅವರು ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಚಿಟಿಕೆ ಲೋಬಾನ ಉದುರಿಸುತ್ತಿದ್ದರು. ನಮ್ಮಲ್ಲಿ ಸಾಂಬ್ರಾಣಿ ಅನ್ನುವುದು ಅದಕ್ಕೇ. ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು. ನಾನು ಚಾಪೆಯ ಮೇಲೆ ಅಂಗಾತ ಮಲಗಿದರೆ ಕೂದಲನ್ನು ಬುಟ್ಟಿಯ ಮೇಲೆ ಎಳೆ ಎಳೆಯಾಗಿ ಹರಡುವರು. ಹೊಗೆ ಅವರ ಕಣ್ಣಿಗೇ ಬರುತ್ತಿತ್ತು. ಕೆಮ್ಮಿ, ಲೋಬಾನ ಮಾರಿದವನನ್ನು ಬೈದು, ಮತ್ತೆ ಊದುವರು. ಒಣಗಿತೋ ಇಲ್ಲವೋ ಎಂದು ಕೈಯಿಂದ ನೋಡುವ ರೂಢಿ ಅವರಿಗಿಲ್ಲ. ಒಂದು ಹಿಡಿ ಕೂದಲೆತ್ತಿ ಮೇಲ್ದುಟಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, "ಇನ್ನೂ ಹಸಿ ಐತಿ," ಅನ್ನುವರು. ಒಣಗಿದ ಮೇಲೂ ಎಷ್ಟೋ ಸಲ ಹಾಗಂದಿದ್ದಾರೆ. ನನಗೆ ಗೊತ್ತಾಗುತ್ತಿತ್ತು, ಆದರೂ ಏಳುತ್ತಿರಲಿಲ್ಲ.

ಇಷ್ಟೆಲ್ಲ ಆಗಿ ಮನೆಗೆ ಬಂದರೆ ಅಜ್ಜಿ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಬೇರೆ ಮನೆಯ ಮೈಲಿಗೆ ಕಳೆಯಬೇಕಲ್ಲ. ಅಷ್ಟು ಹೊತ್ತು ಒಣಗಿಸಿಕೊಂಡು ಬಂದ ತಲೆಗೆ ಮತ್ತೆ ನೀರು ಚಿಮುಕಿಸಿ ಒಳಗೆ ಕರೆದುಕೊಳ್ಳುವಳು. ಮಕ್ಕಳಿಗೆ ಅಷ್ಟು ಸಾಕು ಎಂಬುದು ಅವಳ ತೀರ್ಮಾನ. ಖಾಲಾರಿಗೆ ಅದು ತಿಳಿದಿತ್ತು. ಮುಂದಿನ ವಾರ ಬುಟ್ಟಿ ಬೋರಲು ಹಾಕುತ್ತ, "ಹೋದ ಸಲ ನಿಮ್ಮಜ್ಜಿ ಎಷ್ಟು ಮಳಿ ಸುರಿಸಿದ್ಲು?" ಎಂದು ಕೇಳಿ ತಾವೇ ನಗುವರು. ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ.

ಒಂದು ವಿಷಯದಲ್ಲಿ ಮಾತ್ರ ನಗುವಿರಲಿಲ್ಲ. "ಹಸಿ ತಲೀಲೆ ಮಂಜಿಗೆ ಹೋದ್ರ ಮೂರೇ ದಿನ," ಎಂದು ಪ್ರತಿ ಶುಕ್ರವಾರ ಹೇಳುವರು. ತಾವೂ ತಲೆ ಪೂರ್ತಿ ಒಣಗದೆ ಹೊಸ್ತಿಲು ದಾಟಿದವರಲ್ಲ. ಅವರು ಹೇಳುತ್ತಿದ್ದದ್ದು ನನ್ನ ಮೇಲಿನ ಅಕ್ಕರೆಗೆ. ಮೂರೇ ದಿನ ಎಂದಾಗಲೆಲ್ಲ ಅಕ್ಕಿ ಮೂಟೆಯ ಹಿಂದೆ ನಗುತ್ತ ಕೂತಿದ್ದ ಹುಡುಗಿ ನನ್ನ ಕಣ್ಣೆದುರಿಗೆ ಬರುತ್ತಿದ್ದಳು. ಹೊರಗೆ ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತಿದ್ದೆ. "ನಮ್ಮ ಸಾಹೇಬ್ರ ಗಾಡಿ ಅಲಾ ಅದು, ಯಾಕ ಅಂಜ್ತಿ ಬೇಟಿ?" ಎಂದು ಅವರು ಹಣೆ ಸವರುವರು.

ನಾಲ್ಕು ವರ್ಷ ಹೀಗೆ ಕಳೆಯಿತು. ಹತ್ತು ತುಂಬಿದ ವರ್ಷದ ಚಳಿಯಲ್ಲಿ, ಆಯಿಯ ಶ್ರಾದ್ಧ ಹತ್ತಿರ ಬಂದಾಗ, ನನ್ನಿಂದ ಇನ್ನು ಆಗದು ಅನ್ನಿಸಿತು. ಬೆಳಿಗ್ಗೆ ಬಾವಿಯಿಂದ ಎರಡು ಕೊಡ ತಣ್ಣೀರು ಸೇದಿ ತಲೆಯ ಮೇಲೆ ಸುರಿದುಕೊಂಡು ಬೇಲಿಯ ಹತ್ತಿರ ಮಂಜಿನಲ್ಲಿ ನಿಂತೆ. ಅವಳಿಗೆ ಬಂದ ಜ್ವರ ನನಗೂ ಬರಲಿ, ಲೆಕ್ಕ ಸರಿಹೋಗಲಿ ಎಂದು ಮಕ್ಕಳ ಬುದ್ಧಿ ಹೇಳಿತು.

ಸೌದೆಗೆ ಬಂದ ಖಾಲಾ ನೋಡಿದರು. ಉಸಿರು ಬಿಗಿಹಿಡಿಯುವುದನ್ನೂ ಮರೆತು ಕಂಡಿಯಲ್ಲಿ ನುಗ್ಗಿ, ಸೀರೆ ಹರಿದುಕೊಂಡು, ನನ್ನನ್ನು ಎಳೆದುಕೊಂಡು ಹೋದರು. ಬುಟ್ಟಿಗೆ ಕಾಯಲಿಲ್ಲ. ತಮ್ಮ ಸೆರಗಿನಿಂದಲೇ ತಿಕ್ಕಿ ತಿಕ್ಕಿ ಒರೆಸಿದರು.

"ಸಾಯಬೇಕಂತ ಮಾಡೀಯೇನು?" ಎಂದರು.

"ಹೌದು," ಎಂದೆ. ಎಲ್ಲ ಹೇಳಿದೆ. ಮೂಟೆ, ಮಂಜು, ನಗು, ನಾಲ್ಕು ಸಲ ಕರೆದದ್ದು.

ಅವರ ಕೈ ನಿಂತುಹೋಯಿತು. ಆಮೇಲೆ ಜಡೆ ಹೆಣೆದು, "ಮನೀಗೆ ಹೋಗು," ಎಂದರು, ಅಷ್ಟೇ. ಅವರಿಗೂ ನಾನು ಬೇಡವಾದೆ ಎಂದುಕೊಂಡು ಬಂದೆ. ಅಂದು ಅತ್ತಷ್ಟು ನಾನು ಆಯಿ ಹೋದಾಗಲೂ ಅತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಬಳಿಯಿಂದ ಕರೆದರು. ಹೋದೆ. ಮಂಜಿನಲ್ಲಿ ಖಾಲಾ ನಿಂತಿದ್ದರು. ತಲೆಯ ಮೇಲೆ ಸೆರಗಿರಲಿಲ್ಲ. ಕೆಂಪು ಕಪ್ಪು ಕೂದಲು ಬೆನ್ನಿಗೂ ಭುಜಕ್ಕೂ ಅಂಟಿಕೊಂಡು, ತುದಿಯಿಂದ ನೀರು ನೆಲಕ್ಕೆ ಬೀಳುತ್ತಿತ್ತು. ಗಾಳಿಗೆ ಬಾಗಿಲ ಪರದೆ ಸರಿದರೂ ಸೆರಗೆಳೆದುಕೊಳ್ಳುವ ಹೆಂಗಸು ಅವರು.

"ಒಳಗೆ ಹೋಗಿ ಖಾಲಾ," ಎಂದೆ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

"ಇಷ್ಟು ವರ್ಷ ನಾನ ಹೇಳೀನಿ, ಹಸಿ ತಲೀಲೆ ಜ್ವರ ಬರ್ತದ ಅಂತ. ಈಗ ಬಾಯಿಲೆ ಇಲ್ಲ ಅಂದ್ರ ನೀ ನಂಬ್ತೀಯೇನು? ನೋಡು. ಎಂಟು ದಿನ ನಿಲ್ತೀನಿ. ಜ್ವರ ಬಂದ್ರ ನಿಂದ ತಪ್ಪು. ಬರದಿದ್ರ ಅಲ್ಲ."

ಅವರ ಯಜಮಾನರ ಮೋಟಾರು ಸ್ಟ್ಯಾಂಡಿನಿಂದ ಹೊರಡುವ ಹಾರ್ನ್ ಕೇಳುವವರೆಗೂ ನಿಂತೇ ಇದ್ದರು. ಎರಡನೆಯ ದಿನವೂ ನಿಂತರು, ಮೂರನೆಯ ದಿನವೂ. ಮೂರೇ ದಿನ ಎಂದು ಅವರೇ ಹೇಳುತ್ತಿದ್ದದ್ದು. ನಾನು ಬೇಲಿ ಹಿಡಿದು ಬೇಡಿಕೊಂಡೆ, ನನ್ನದೇ ತಪ್ಪಿರಲಿ, ಒಳಗೆ ಹೋಗಿ ಎಂದೆ. ಅವರು ಅಲುಗಲಿಲ್ಲ. ಐದನೆಯ ದಿನ ಒಂದು ಸೀನು ಬಂತು. ನನ್ನ ಜೀವ ಹಾರಿಹೋಯಿತು. "ಮೆಣಸಿನಕಾಯಿ ಘಾಟು," ಎಂದರು. ಅವರ ಒಲೆ ಇನ್ನೂ ಹೊತ್ತಿರಲಿಲ್ಲ, ನನಗೆ ಕಾಣುತ್ತಿತ್ತು. ಶಾಲೆಯಿಂದ ಓಡೋಡಿ ಬಂದು ಅವರ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಎಂಟನೆಯ ದಿನ ಹಾರ್ನ್ ಆದ ಮೇಲೆ ಅವರು ನನ್ನನ್ನು ಕಂಡಿಯಿಂದ ತಮ್ಮ ಕಡೆಗೆ ಎಳೆದುಕೊಂಡರು.

"ನನಗ ಜ್ವರ ಬಂತೇನು?"

"ಇಲ್ಲ."

"ನಡುಕ?"

"ಇಲ್ಲ."

"ಆ ವರ್ಷ ನಮ್ಮ ಓಣ್ಯಾಗ ಏಳು ಮಂದಿ ಹೋದ್ರು. ಅವರೆಲ್ಲಾ ತಲಿ ತೊಯ್ಸ್ಕೊಂಡಿದ್ರೇನು? ಊರಾಗ ಬಂದಿದ್ದ ಜ್ವರ ನಿಮ್ಮ ಆಯಿಗೂ ಬಂತು. ನೀ ಅಡಗಿದ್ದು ಆಟ. ಆಕಿ ನಿನ್ನ ಕರದ್ಲು, ನೀ ಸಿಕ್ಕಿ. ಸಿಕ್ಕ ಮ್ಯಾಲೆ ಏನ್ ಮಾಡಿದ್ಲು?"

ಅದನ್ನು ನಾನು ಮರೆತೇಬಿಟ್ಟಿದ್ದೆ. ಆಯಿ ಹೊಡೆದಿರಲಿಲ್ಲ. ನನ್ನನ್ನು ಎತ್ತಿಕೊಂಡು, ಒದ್ದೆ ಕೂದಲನ್ನು ನನ್ನ ಮುಖಕ್ಕೆ ಒರೆಸಿ, ನಾನು ಕಿರುಚಿಕೊಂಡಾಗ ನಕ್ಕಿದ್ದಳು. ನಗುತ್ತಲೇ ಮನೆಗೆ ತಂದಿದ್ದಳು. ನಾಲ್ಕು ವರ್ಷ ನನಗೆ ಕರೆ ಮಾತ್ರ ಕೇಳಿಸಿತ್ತು, ಆ ನಗು ಕೇಳಿಸಿರಲಿಲ್ಲ. ಖಾಲಾರ ಒದ್ದೆ ಭುಜಕ್ಕೆ ತಲೆಯಿಟ್ಟು ಹೇಳಿದೆ. ಅವರು ಬೆನ್ನು ತಟ್ಟುತ್ತ ನಿಂತರು.

ಮುಂದಿನ ಶುಕ್ರವಾರ ಮತ್ತೆ ಬುಟ್ಟಿ ಬೋರಲಾಯಿತು. ಜ್ವರ ಬರುವುದಿಲ್ಲವೆಂದ ಮೇಲೆ ಒಣಗಿಸುವುದು ಯಾಕೆ ಎಂದು ಕೇಳಿದೆ. "ಮಂಜಿನಾಗ ನಿಂತದ್ದು ನಿನಗ. ಇದು ನನಗ," ಎಂದು ಕೂದಲನ್ನು ತುಟಿಗೆ ಒತ್ತಿಕೊಂಡರು. "ಇನ್ನೂ ಹಸಿ ಐತಿ."

ಹದಿನಾಲ್ಕಕ್ಕೆ ನನ್ನನ್ನು ಸಿದ್ದಾಪುರದ ಕಡೆಗೆ ಕೊಟ್ಟರು. ಶಿರಸಿಯವರೆಗೆ ಕರೆದೊಯ್ದದ್ದು ಖಾಲಾರ ಯಜಮಾನರ ಮೋಟಾರೇ. ಬೀದಿಯಲ್ಲಿ ಜನ ತುಂಬಿದ್ದರಿಂದ ಖಾಲಾ ಹೊರಗೆ ಬರಲಿಲ್ಲ. ಪರದೆಯ ಸಂದಿಯಿಂದ ಒಂದು ಕೈ ಬಂತು. ಕೈಯಲ್ಲಿ ಲೋಬಾನದ ಪೊಟ್ಟಣ. ಆ ಕೈಯನ್ನು ಕಣ್ಣಿಗೊತ್ತಿಕೊಂಡೆ. ಅವರನ್ನು ಮುಟ್ಟಿದ್ದು ಅದೇ ಕೊನೆ.

ಎರಡು ವರ್ಷದ ಮೇಲೆ ಚೊಚ್ಚಲ ಬಾಣಂತನಕ್ಕೆ ಬಂದಾಗ ಖಾಲಾ ಇರಲಿಲ್ಲ. ಬಿರುಬೇಸಿಗೆಯಲ್ಲಿ, ತಲೆಗೆ ನೀರು ಮುಟ್ಟಿ ವಾರವಾಗಿದ್ದಾಗ, ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಿದ್ದರು. ಬಸುರಿಗೆ ಹೇಳಬಾರದು ಎಂದು ಯಾರೂ ಕಾಗದ ಬರೆದಿರಲಿಲ್ಲ. ಕೊನೆಯ ದಿನ ಅಜ್ಜಿ ಕಂಡಿಯಲ್ಲಿ ಬಗ್ಗಿ ಹೋಗಿ ಅವರ ತಲೆದೆಸೆಯಲ್ಲಿ ಕೂತಿದ್ದಳಂತೆ. ಬಂದ ಮೇಲೆ ಮಿಂದಳೋ ಇಲ್ಲವೋ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಖಾಲಾರ ಯಜಮಾನರು, ಸಾಹೇಬರು, ಬೇಲಿಯ ಹತ್ತಿರ ಬಂದು ನಿಂತರು. ಗಡ್ಡ ಪೂರಾ ಬೆಳ್ಳಗಾಗಿತ್ತು.

"ಒಂದು ಮಾತು ನಿನಗ ಹೇಳಬೇಕು ಬೇಟಿ. ಆ ವರ್ಷ ಚಳಿಯಾಗ ಎಂಟು ದಿನ, ದಿನಾ ಮುಂಜಾನೆ ನಾ ಗಾಡಿಗೆ ಹೊರಡೂ ಮುಂದ ಆಕಿ ನನ್ನ ಕೈ ಹಿಡ್ದು 'ಕಹಾ ಸುನಾ ಮಾಫ್ ಕರ್ನಾ' ಅಂತಿದ್ಲು. ಅಂದದ್ದು ಆಡಿದ್ದು ಮನ್ನಿಸ್ರಿ ಅಂತ. ಸಾಯೋರು ಹೇಳೂ ಮಾತು ಅದು. ನಾ ಬೈದೆ, ಆದ್ರೂ ಆಕಿ ಯಾಕ ಅಂತ ಹೇಳ್ಲಿಲ್ಲ. ಎಂಟನೇ ದಿನ ಸಂಜೀಗೆ ಅಳ್ತಾ ಕುಂತಿದ್ಲು. ಏನಾತು ಅಂದೆ. 'ನಾ ಸಾಯ್ಲಿಲ್ರೀ,' ಅಂದ್ಲು."

ಹಸಿ ತಲೆಯಿಂದ ಜ್ವರ ಬರುವುದಿಲ್ಲವೆಂದು ಖಾಲಾರಿಗೆ ಗೊತ್ತಿತ್ತು ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಅವರಿಗೆ ಗೊತ್ತಿರಲಿಲ್ಲ. ಬರುತ್ತದೆ ಎಂದು ನಂಬಿಯೇ, ದಿನವೂ ಗಂಡನಿಂದ ಬೀಳ್ಕೊಂಡು, ನನ್ನೆದುರಿಗೆ ಬಂದು ನಿಂತಿದ್ದರು.

ಈಗ ನನ್ನ ಮೊಮ್ಮಕ್ಕಳು ಒದ್ದೆ ತಲೆಯಲ್ಲೇ ಮಂಜಿಗೆ ಓಡುತ್ತಾರೆ. ಸೊಸೆ ಕೂಗುತ್ತಾಳೆ, ನಾನು ಸುಮ್ಮನಿರುತ್ತೇನೆ. ಮಲೆನಾಡಿನ ಆ ಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು, ಸರಿಯೇ ಇರಬೇಕು. ನನ್ನ ಕೂದಲೂ ಈಗ ಒಂದು ಚಿಟಿಕೆ, ಅರೆಗಳಿಗೆಯಲ್ಲಿ ಒಣಗುತ್ತದೆ. ಆದರೂ ಶುಕ್ರವಾರ ಮಿಂದವಳು ತಲೆ ಒರೆಸಿಕೊಳ್ಳದೆ ಹಿತ್ತಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾರಾದರೂ ಬೈದು, ಕೈ ಹಿಡಿದು ಎಳೆದುಕೊಂಡು ಹೋಗಲಿ ಅನ್ನಿಸುತ್ತದೆ.