ಎನಿಡ್ ಮುಚ್ಚಿದ ತೂತು

ಚಳಿಗೆ ಸಾಯುವವರಲ್ಲಿ ಹೆಚ್ಚಿನವರು ಹಿಮದಲ್ಲಿ ದಾರಿ ತಪ್ಪಿ ಸಾಯುವುದಿಲ್ಲ. ತಮ್ಮ ಮನೆಯಲ್ಲೇ, ತಮ್ಮ ಹಾಸಿಗೆಯಲ್ಲೇ, ಗೋಡೆಯ ಮೇಲೆ ಬಾಯ್ಲರ್ ಇದ್ದೂ ಸಾಯುತ್ತಾರೆ. ಇದು ನಿಮಗೆ ಗೊತ್ತಿರಬೇಕಿತ್ತು.

ಎನಿಡ್ ಆಶ್‌ವರ್ತ್‌ಗೆ ಗೊತ್ತಿತ್ತು. ಇಂಗ್ಲೆಂಡಿನ ರೋಸೆಂಡೇಲ್ ಕಣಿವೆಯ ಏರಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಕಲ್ಲುಮನೆಗಳ ಸಾಲಿನಲ್ಲಿ ಅವಳದೂ ಒಂದು ಬಾಡಿಗೆ ಮನೆ. ಪ್ರಾಯವನ್ನೆಲ್ಲ ಚಪ್ಪಲಿ ಕಾರ್ಖಾನೆಗೆ ಕೊಟ್ಟವಳು. ಮನೆಯೊಳಗೆ ಮೆಟ್ಟುವ ಉಣ್ಣೆಯ ಚಪ್ಪಲಿ ಹೊಲಿದು ಊರವರ ಕಾಲನ್ನೆಲ್ಲ ಬೆಚ್ಚಗಿಟ್ಟವಳು. ಗಂಡ ಕ್ಲಿಫರ್ಡ್ ಕಲ್ಲುಗಣಿಯಲ್ಲಿ ದುಡಿದವನು. ಗಣಿ ಮುಚ್ಚಿದರೂ ಅದರ ದೂಳು ಅವನ ಎದೆಯಲ್ಲಿ ಬಿಡಾರ ಹೂಡಿತ್ತು. ಆ ಎದೆಗೆ ಚಳಿ ತಾಗಕೂಡದು. ಎನಿಡ್‌ಗೆ ಉಳಿದಿದ್ದ ಹಟ ಅದೊಂದೇ.

ಅಡುಗೆಮನೆಯ ಬಾಯ್ಲರ್ ಗ್ಯಾಸು ಉರಿಸಿ ಮನೆ ಕಾಯಿಸುವಾಗ, ಹೊಗೆಯೊಳಗಿನ ಹಬೆ ತಣಿದು ಹನಿಹನಿ ನೀರಾಗುತ್ತದೆ. ಆ ನೀರು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಟುಹೋಗಬೇಕು. ಕೊಳವೆಯನ್ನು ಮನೆಯೊಳಗೇ ಇಳಿಜಾರಾಗಿ ಒಯ್ದು ಸಿಂಕಿನ ಕೊಳವೆಗೆ ಕೂಡಿಸಿದರೆ ಮುಗಿಯಿತು. ಮನೆಯ ಬಿಸಿಯಲ್ಲಿ ಅದು ಹೆಪ್ಪುಗಟ್ಟುವ ಮಾತೇ ಇಲ್ಲ. ಗೋಡೆ ಕೊರೆದು ಹೊರಕ್ಕೆ ಬಿಟ್ಟರೆ ಮಾತ್ರ, ಚಳಿ ಮೂಳೆ ಕೊರೆಯುವ ದಿನ ಹನಿಗಳು ಕೊಳವೆಯಲ್ಲೇ ಕಲ್ಲಾಗುತ್ತವೆ, ಹಿಂದಿನ ನೀರು ಮೇಲೇರುತ್ತದೆ, ಬಾಯ್ಲರ್ ಗಂಟಲು ಕಟ್ಟಿದವರ ಹಾಗೆ ಗೊರಗೊರ ಎಂದು ಆರಿಹೋಗುತ್ತದೆ. ಬೇಕೇ ಬೇಕಾದ ದಿನವೇ ಕೈಕೊಡುತ್ತದೆ. ಆದರೆ ಹೊರಗೆ ಬಿಡುವ ಕೆಲಸ ಬೇಗ ಮುಗಿಯುತ್ತದೆ. ಆದ್ದರಿಂದ ಮನೆಗಳ ಒಡೆತನದ ವಸತಿ ಸಂಸ್ಥೆ ಇಡೀ ಸಾಲಿಗೆ ಹೊರಗೇ ಬಿಟ್ಟಿತ್ತು. ಅದೂ ಬಿಸಿಲು ಕಾಣದ ಬಡಗಣ ಗೋಡೆಯ ಉದ್ದಕ್ಕೂ, ಬೆರಳು ಗಾತ್ರದ ಕೊಳವೆಯಲ್ಲಿ.

ಕೆಟ್ಟಿತೆಂದು ಫೋನು ಮಾಡಿದರೆ ಸಂಸ್ಥೆಯ ಉತ್ತರ ಸಿದ್ಧವಿರುತ್ತಿತ್ತು: "ಕೊಳವೆ ಮೇಲೆ ಬಿಸಿನೀರು ಹುಯ್ಕೊಳ್ಳಿ." ಹಾಗಾಗಿ ಜನವರಿ ಬಂತೆಂದರೆ ಆ ಸಾಲಿನ ಮುದುಕ ಮುದುಕಿಯರು ಬೆಳಗಾಗೆದ್ದು ನಿಲುವಂಗಿಯಲ್ಲೇ ಕೆಟಲ್ ಹಿಡಿದು ಹಿತ್ತಿಲಿಗೆ ಬರುತ್ತಿದ್ದರು. ಕೊಳವೆಗೆ ಹುಯ್ದ ನೀರು ಕೆಳಗಿನ ಹಾಸುಗಲ್ಲಿಗೆ ಇಳಿದು ಅಲ್ಲೇ ಗಾಜಾಗುತ್ತಿತ್ತು. ಮರುದಿನ ಆ ಗಾಜಿನ ಮೇಲೆ ನಿಂತು ಮತ್ತೆ ಹುಯ್ಯುವುದು. ಹೇಗಿದ್ದೀರಿ ಎಂದು ಗೋಡೆಯಾಚೆಯಿಂದ ಕೇಳಿದರೆ, "ಪರ್ವಾಗಿಲ್ಲಪ್ಪ, ಸುಮ್ನೆ ಯಾಕೆ ಗಲಾಟೆ." ಈ ಜನರ ಜಾಯಮಾನವೇ ಅಷ್ಟು. ಕಾಲು ಮುರಿದುಕೊಂಡರೂ ತೊಂದರೆ ಕೊಟ್ಟೆವೆಂದು ಕ್ಷಮೆ ಕೇಳಿಯೇ ಆಂಬುಲೆನ್ಸ್ ಹತ್ತುವವರು. ಇದನ್ನು ಸಭ್ಯತೆ ಎಂದು ಹೊಗಳುವವರಿದ್ದಾರೆ. ಹೊಗಳುವವರ ಕೊಳವೆಗಳೆಲ್ಲ ಮನೆಯೊಳಗೇ ಇರುತ್ತವೆ.

ಹಿಂದಿನ ಜನವರಿಯಲ್ಲಿ, ಎನಿಡ್ ಅಂಗಡಿಗೆ ಹೋಗಿದ್ದಾಗ ಬಾಯ್ಲರ್ ಆರಿತು. ಕ್ಲಿಫರ್ಡ್ ತಾನೇ ಕೆಟಲ್ ಹಿಡಿದು ಹೊರಟ. ಜಾರಿ ಬಿದ್ದ. ಏಳಲು ಶಕ್ತಿಯಿಲ್ಲದೆ, ಕೂಗಲು ಉಸಿರಿಲ್ಲದೆ, ಅವಳು ಬರುವವರೆಗೂ ಕಲ್ಲಿನ ಮೇಲೇ ಬಿದ್ದಿದ್ದ. ನ್ಯುಮೋನಿಯಾ ಹಿಡಿಯಿತು. ವಸಂತದ ಡ್ಯಾಫೊಡಿಲ್ ಹೂಗಳು ಬಾಡುವ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದ. ಬಂದದ್ದು ಅರ್ಧ ಮನುಷ್ಯ. ಇನ್ನೊಂದು ಅಂಥ ಚಳಿಗಾಲವನ್ನು ಆ ಎದೆ ತಾಳದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಶರತ್ಕಾಲದಲ್ಲಿ ಹಳೆಯ ಬಾಯ್ಲರ್ ಪೂರ್ತಿ ಸತ್ತಿತು. ಹೊಸದು ಬರುತ್ತದೆಂದು ತಿಳಿದೊಡನೆ ಎನಿಡ್ ಹೊರಗಿನ ಕೊಳವೆಯನ್ನು ಗರಗಸದಿಂದ ಕೊಯ್ದು ಎಸೆದಳು. ಅದು ಹೊರಬರುತ್ತಿದ್ದ ತೂತಿಗೆ ಸಿಮೆಂಟು ಕಲಸಿ ಮೆತ್ತಿದಳು.

ಸಂಸ್ಥೆ ಕಳಿಸಿದ ಫಿಟ್ಟರ್ ಕೀತ್ ಬಂದು ಹೊಸ ಬಾಯ್ಲರನ್ನು ಗೋಡೆಗೆ ಏರಿಸಿದ. ಬೆವರು ಒರೆಸಿಕೊಂಡು, "ಒಂದು ಟೀ ಸಿಗುತ್ತಾ ತಾಯೀ?" ಎಂದ.

"ಸಿಗಲ್ಲ," ಎಂದಳು ಎನಿಡ್.

ಆ ಕಣಿವೆಯಲ್ಲಿ ಕೆಲಸದವನಿಗೆ ಟೀ ಕೊಡದ ಮನೆಯಿಲ್ಲ. ಶತ್ರುವಾದರೂ ಬಿಸ್ಕತ್ತಿನ ಜೊತೆ ಕೊಡುತ್ತಾರೆ. ಕೀತ್ ತಮಾಷೆಯೆಂದು ನಕ್ಕ. ಅವಳು ನಗಲಿಲ್ಲ. ಅವನು ತಡವರಿಸಿ ಗೋಡೆ ನೋಡಿದ.

"ಇಲ್ಲೊಂದು ತೂತಿತ್ತಲ್ಲ?"

"ಮುಚ್ಚಿದೀನಿ."

"ಯಾರು ಹೇಳಿದ್ರು ಮುಚ್ಚೋಕೆ?"

"ಜನವರಿ."

"ಏನಜ್ಜೀ ನೀವು! ಸಿಂಕ್ ಇರೋದು ಆ ಮೂಲೇಲಿ. ಕಪಾಟು ಬಿಚ್ಚಬೇಕು, ಒಲೆ ಜರುಗಿಸ್ಬೇಕು, ದಿನ ಪೂರ್ತಿ ಹೋಗುತ್ತೆ. ಎಲ್ಲರ ಮನೇಲೂ ಹೊರಗೇ ಬಿಡೋದು. ಯಾರೂ ಕೇಳಿಲ್ಲ."

"ಕೇಳಲ್ಲ ಬಿಡು. ನಾಲಿಗೆ ಹೆಪ್ಪುಗಟ್ಟಿರುತ್ತೆ." ಹೀಗೆಂದವಳೇ ಕುರ್ಚಿ ಎಳೆದು, ಮುಚ್ಚಿದ ತೂತಿಗೆ ಬೆನ್ನು ಕೊಟ್ಟು ಕೂತಳು. "ಕೊರೀತೀಯಾ? ಇಲ್ಲಿಂದ ಶುರುಮಾಡು," ಎಂದು ತನ್ನ ಎದೆ ತೋರಿಸಿದಳು.

ಕೀತ್ ಫೋನು ಮಾಡಿ ಸಂಸ್ಥೆಯ ಮೇಲ್ವಿಚಾರಕ ಪಿಲಿಂಗ್‌ನನ್ನು ಕರೆಸಿದ. ಇಸ್ತ್ರಿ ಕೋಟಿನ ಪಿಲಿಂಗ್ ಬೆಣ್ಣೆ ಸವರಿದ ಮಾತಿನವನು.

"ಮಿಸೆಸ್ ಆಶ್‌ವರ್ತ್, ಈ ಸಲ ಕೊಳವೆಗೆ ದಪ್ಪಗೆ ಹೊದಿಕೆ ಸುತ್ತಿಸ್ತೀವಿ. ಏನೂ ಆಗಲ್ಲ."

"ಹೆಣಕ್ಕೂ ಸುತ್ತುತ್ತಾರೆ. ಬೆಚ್ಚಗಾಗುತ್ತಾ?"

ಪಿಲಿಂಗ್‌ನ ಬೆಣ್ಣೆ ಕರಗಿತು. "ಸರಿ. ಕೆಲಸಕ್ಕೆ ಅಡ್ಡಿ ಮಾಡಿದ್ರೆ ಬಾಯ್ಲರ್ ಇಳಿಸ್ಕೊಂಡು ಹೋಗ್ತೀವಿ. ವಾರದಲ್ಲಿ ಮಂಜು ಬೀಳುತ್ತಂತೆ. ಪಾಪ, ನಿಮ್ಮ ಯಜಮಾನ್ರಿಗೆ ಎದೆ ಬೇರೆ ಸರಿಯಿಲ್ಲ. ಅವರ ಗತಿ ಯೋಚಿಸಿದೀರಾ?"

ಯಾವ ಎದೆಗಾಗಿ ಎನಿಡ್ ಕೂತಿದ್ದಳೋ ಅದನ್ನೇ ಅವನು ಕತ್ತಿಯಾಗಿ ಅವಳ ಕುತ್ತಿಗೆಗೆ ಹಿಡಿದಿದ್ದ. ಕೈ ಕುರ್ಚಿಯ ಅಂಚಿಗೆ ಹೋಯಿತು, ಎದ್ದುಬಿಡುವುದರಲ್ಲಿದ್ದಳು.

ಬಾಗಿಲಲ್ಲಿ ಕ್ಲಿಫರ್ಡ್ ನಿಂತಿದ್ದ. ಟೋಪಿ, ಕೋಟು, ಕೊರಳಿಗೆ ಮಫ್ಲರ್. ಎಂದೂ ಯಾರಿಗೂ ಎದುರಾಡದವನು, ಊಟದಲ್ಲಿ ನೊಣ ಸಿಕ್ಕರೂ ಸದ್ದಿಲ್ಲದೆ ಎತ್ತಿಟ್ಟು ತಿನ್ನುವವನು.

"ಏಳ್ಬೇಡ ಕಣೇ," ಎಂದ. ಉಸಿರಿಗಾಗಿ ನಿಂತ. "ನೋಡಪ್ಪಾ ಪಿಲಿಂಗ್, ಇಳಿಸ್ಕೊಂಡು ಹೋಗು. ಕೋಟು ಹಾಕ್ಕೊಂಡೇ ಬಂದಿದೀನಿ. ಹೊರಗಿನ ಕೊಳವೆ ಹಾಕಿದ್ರೂ ಸಾಯ್ತೀನಿ, ನೀನು ಬಾಯ್ಲರ್ ಒಯ್ದ್ರೂ ಸಾಯ್ತೀನಿ. ಒಯ್ದ ಮೇಲೆ ಸತ್ರೆ ಅದು ನಿನ್ನ ಹೆಸರಲ್ಲಾಗುತ್ತೆ." ಅವನು ನಿಧಾನ ನಡೆದು ಬಂದು ಹೆಂಡತಿಯ ಪಕ್ಕದಲ್ಲಿ ಕೂತ.

ಪಿಲಿಂಗ್ ಕೀತ್‌ನನ್ನು ನೋಡಿದ. ಕೀತ್ ಚಾವಣಿ ನೋಡಿದ. "ಒಳಗೇ ಹಾಕಿ ಸಾಯಿ," ಎಂದು ಗೊಣಗಿ ಪಿಲಿಂಗ್ ಹೊರಟುಹೋದ.

ಕೀತ್ ಶಪಿಸುತ್ತಲೇ ಕಪಾಟು ಬಿಚ್ಚಿದ. ಮೊದಲು ಕೂಡಿಸಿದ ಕೊಳವೆ ಒಲೆಯ ಹಿಂದೆ ಹೊಟ್ಟೆ ಬಿಟ್ಟುಕೊಂಡಿತ್ತು. ಎನಿಡ್ ಅದರ ಬಾಯ್ಲರ್ ಕಡೆಯ ತುದಿಗೆ ಒಂದು ಲೋಟ ನೀರು ಹುಯ್ಯಿಸಿದಳು; ಸಿಂಕಿನ ಕಡೆ ಬಂದದ್ದು ಬರೀ ಗುಟುಕು. "ಮಿಕ್ಕಿದ್ದನ್ನ ನೀನು ಕುಡಿದ್ಯಾ?" ಎಂದಳು. ಮತ್ತೆ ಬಿಚ್ಚಿ, ಉದ್ದಕ್ಕೂ ಕೊಕ್ಕೆ ಹೊಡೆದು, ಎಲ್ಲೂ ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟು ಕೂರಿಸಿದ. ಕಪಾಟಿನ ಬಾಗಿಲು ಅಂದಿನಿಂದ ಸೊಟ್ಟಗಿದೆ. ಬ್ರೆಡ್ಡಿನ ಡಬ್ಬಿಯ ಮೇಲೆ ಹಾದುಹೋದ ಬಿಳಿ ಕೊಳವೆಯಷ್ಟು ಕುರೂಪದ ವಸ್ತು ಆ ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

ಮಂಜು ಬಿತ್ತು. ಕ್ಲಿಫರ್ಡ್ ಮುಂದಿನ ಕೋಣೆಯಲ್ಲಿ ಅಂಗಿಯ ತೋಳು ಮಡಚಿ ಕೂತು ಪೇಪರ್ ಓದಿದ. ಗೋಡೆಯಾಚೆ, ಹೋದ ವರ್ಷವಷ್ಟೇ ಬಾಣಂತನ ಮುಗಿಸಿದ್ದ ಶಹನಾರಾ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು, ಕೆಟಲ್ ಹಿಡಿದು ಹಿತ್ತಿಲಿಗೆ ಬಂದಳು.

"ಪರ್ವಾಗಿಲ್ಲ ಆಂಟಿ," ಎಂದಳು, ಎನಿಡ್ ಕೇಳುವ ಮೊದಲೇ.

"ಬಾಯ್ಮುಚ್ಚು," ಎಂದಳು ಎನಿಡ್. "ಒಳಗೆ ಹೋಗು. ಕೀತ್‌ಗೆ ಫೋನು ಮಾಡು. ನಾನು ಕುರ್ಚಿ ತರ್ತೀನಿ."

ಬಾಡಿಗೆ ಮನೆಯಲ್ಲಿರುವವರೇ, ಈ ಸಾಲು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಹಿತ್ತಿಲಿಗೆ ಹೋಗಿ. ಬೇಗ ಮುಗಿಯಲೆಂದು ನಿಮ್ಮ ಗೋಡೆಗೆ ಏನೇನು ಅಂಟಿಸಿ ಹೋಗಿದ್ದಾರೆ, ಕಣ್ಣು ಬಿಟ್ಟು ನೋಡಿ. ಕೆಟ್ಟದ್ದು ಕಂಡರೆ ಇವತ್ತೇ ಫೋನು ಮಾಡಿ, ಸರಿಮಾಡು ಎನ್ನಿ. ದಯವಿಟ್ಟು ಎನ್ನಬೇಡಿ.