ಕಾಕಾನ ಕಣ್ಣು ತೆರೆಸಿದ ಕ್ಯಾಮೆರಾ

ಮೊನ್ನೆ ನಿಪ್ಪಾಣಿಯಲ್ಲಿ ಕಾಕೂ, ಅಂದರೆ ನನ್ನ ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ನನ್ನ ಮೊಬೈಲು ಅಚ್ಚ ಕನ್ನಡದಲ್ಲಿ ಕೇಳಿತು: ‘ಜಾಗ ಖಾಲಿ ಇಲ್ಲ. ಹಳೆಯ ಫೋಟೋಗಳನ್ನು ಅಳಿಸಬೇಕೇ?’ ಏನು ವಿನಯ! ಪಾಪ, ಯಾರ ಮನೆಯಲ್ಲಿ ಕೂತು ಈ ಮಾತಾಡುತ್ತಿದ್ದೇನೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಇದೇ ಮಾತಾಡಿ ನಾನೊಮ್ಮೆ ಇದೇ ಪಡಸಾಲೆಯಲ್ಲಿ ಬೈಸಿಕೊಂಡಿದ್ದೇನೆ.

ಕಾಕೂ ಗಂಡ, ನಮ್ಮ ಕಾಕಾನದು ತಂಬಾಕಿನ ವ್ಯಾಪಾರ. ಪೇಟೆಯಲ್ಲಿ ಅವನ ಕಣ್ಣಿಗೆ ಮಣ್ಣೆರಚಿದವರಿಲ್ಲ. ಫೋಟೋದಲ್ಲಿ ಆ ಕಣ್ಣು ತೆರೆದದ್ದನ್ನು ಕಂಡವರೂ ಇಲ್ಲ. ತನ್ನ ಮದುವೆಯ ಫೋಟೋದಲ್ಲಿ ನಿದ್ದೆ, ಮಗಳ ಮದುವೆಯ ಫೋಟೋದಲ್ಲೂ ನಿದ್ದೆ. ಅರವತ್ತು ದಾಟಿದ ಮೇಲೆ ಅವನಿಗೆ ಇದೊಂದೇ ಚಿಂತೆ ಹತ್ತಿತು.

“ನಾಳೆ ಹಾರ ಹಾಕಾಕ ಒಂದ್ ಫೋಟೋ ಬೇಕೋ ಬ್ಯಾಡೋ? ಕಣ್ಣ ಮುಚ್ಚಿದ್ದ ಹಾಕಿದ್ರ, ಇಂವ ಫೋಟೋದಾಗೂ ಸತ್ತಾನ ಅಂತಾರ ಮಂದಿ.”

ಡಿಜಿಟಲ್ ಕ್ಯಾಮೆರಾ ತಗೋ ಕಾಕಾ, ತೆಗೆದ ಕೂಡಲೇ ನೋಡಬಹುದು ಎಂದೆ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ಮನೆಯ ಅಘೋಷಿತ ವಿಜ್ಞಾನಿ. ‘ಆಪ್ಟಿಕಲ್ ಜೂಮ್’ ಎಂಬ ಮಂತ್ರ ಬಾಯಿಪಾಠವಾಗಿತ್ತು. ಮಂತ್ರಕ್ಕೆ ಅರ್ಥ ಕೇಳುವ ರೂಢಿ ನಮ್ಮಲ್ಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಅಂಗಡಿಯವನು ಅರ್ಧ ಮರಾಠಿಯಲ್ಲಿ ಶುರುಮಾಡಿದ: “ಬಾರಾ ಮೆಗಾಪಿಕ್ಸೆಲ್ ಆಹೇ ಕಾಕಾ, ಎಕದಮ್ ಝಕಾಸ್!”

“ಹನ್ನೆರಡಂತ ಬರದಾನ, ಖರೆ. ಒಳಗ ಹನ್ನೆರಡ ತುಂಬ್ಯಾನೋ ಹತ್ತ ತುಂಬ್ಯಾನೋ, ಎಣಿಸಿದವ್ರ ಯಾರು?” ಎಂದ ಕಾಕಾ. ಇದಕ್ಕೆ ಉತ್ತರ ಕಂಪನಿಯವರ ಬಳಿಯೂ ಇರಲಿಕ್ಕಿಲ್ಲ. ಆಮೇಲೆ ಒಂದೊಂದೇ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೂಗಿದ. ರೂಢಿಬಲದಿಂದ ಒಂದೆರಡನ್ನು ಮೂಸಿಯೂ ನೋಡಿದ. ನಾನು ಆರಿಸಿದ್ದು ಹಗುರ ಎಂದು ತಳ್ಳಿ, ಇಟ್ಟಂಗಿಯಂಥದ್ದೊಂದನ್ನು ಎತ್ತಿಕೊಂಡ. “ಇದು ವಜನ ಐತಿ. ಇದನ್ನ ಕೊಡು.” ಪುಕ್ಕಟೆ ಬಂದ ಚೀಲ ಚರ್ಮದ್ದೆಂದು ತಿಳಿದದ್ದೇ ತಡ, ಬಸದಿಗೆ ಹೋಗೋ ಮಂದಿ ನಾವು ಎಂದು ಅದನ್ನು ಅಲ್ಲೇ ಬಿಟ್ಟ. ಆಧುನಿಕ ತಂತ್ರಜ್ಞಾನ ನಮ್ಮ ಮನೆಯಲ್ಲಿ ಕಾಕೂ ಹಳೆ ಇಳಕಲ್ ಸೀರೆ ಹರಿದು ಹೊಲಿದ ಚೀಲದೊಳಗೆ ಸೇರಿತು.

ಕಾಕಾನನ್ನು ಪಡಸಾಲೆಯಲ್ಲಿ ಕೂರಿಸಿ ಕ್ಲಿಕ್ ಮಾಡಿದೆ. ಕಣ್ಣು ಮುಚ್ಚಿತ್ತು. ಇನ್ನೊಂದು. ಅದರಲ್ಲೂ ಮುಚ್ಚಿತ್ತು.

“ಚಿಂತಿ ಬ್ಯಾಡ ಕಾಕಾ, ಅಳಸಿದ್ರಾತು,” ಎಂದೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕೂ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಏನಂದಿ? ನನ್ನ ಕುಂಕುಮ ಅಳಸಾಕ ಹೊಂಟೀಯೇನ್ ಲೇ, ಖೋಡಿ?”

“ಬರೇ ಫೋಟೋ ಕಾಕೂ...”

“ಫೋಟೋದಾಗ ಯಾರದಾರ, ನಿಮ್ಮ ಮಾಸ್ತರ?”

ಕಾಕಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಗಾಬರಿಯಲ್ಲಿ ನನ್ನ ಬೆರಳು ಕ್ಯಾಮೆರಾದ ಗುಂಡಿ ಒತ್ತಿಬಿಟ್ಟಿತು. ಅದರಲ್ಲೂ ಕಣ್ಣು ಮುಚ್ಚಿಯೇ ಇತ್ತು ಎಂದು ಬೇರೆ ಹೇಳಬೇಕೆ? ಅಂದಿನಿಂದ ಆ ಕ್ಯಾಮೆರಾದಲ್ಲಿ ಏನನ್ನೂ ಅಳಿಸಬಾರದೆಂಬ ಕಾನೂನು ಜಾರಿಯಾಗಿ, ಕಾರ್ಡಿನ ತುಂಬ ಮಲಗಿದ ಕಾಕಾಗಳೇ ತುಂಬಿದರು.

ಕೊನೆಗೊಂದು ದಿನ ಉಸಿರು ಬಿಗಿಹಿಡಿದು, ಕಣ್ಣು ಕಿಸಿದು, ಕಾಕಾ ಗೆದ್ದ. ತೆರಿಗೆ ಅಧಿಕಾರಿ ಬಾಗಿಲಲ್ಲಿ ನಿಂತಾಗ ವ್ಯಾಪಾರಿಯ ಮುಖ ಹೇಗಿರುತ್ತದೋ ಹಾಗಿತ್ತು ಫೋಟೋ. ಅವನಿಗೋ ಹಿಗ್ಗು. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ, “ಇನ್ನ ಸಾಯಾಕ ಅಡ್ಡಿ ಇಲ್ಲ,” ಎಂದ.

ಹೋದ ಚಳಿಗಾಲದಲ್ಲಿ ಆ ಮಾತನ್ನೂ ನಡೆಸಿಕೊಟ್ಟ. ನಾನು ಒಂದೂ ಫೋಟೋ ಅಳಿಸಿರಲಿಲ್ಲ. ಆದರೂ ಕಾಕೂ ಹಣೆ ಬರಿದಾಯಿತು.

ಆ ಫೋಟೋ ಈಗ ಹಾರ ಹಾಕಿಕೊಂಡು ಗೋಡೆಯ ಮೇಲಿದೆ, ಬಂದವರನ್ನೆಲ್ಲ ಹೆದರಿಸುತ್ತ. ಮೊನ್ನೆ ಮೊಬೈಲಿನ ಪ್ರಶ್ನೆಯನ್ನು ನಾನು ತಮಾಷೆಗೆ ಗಟ್ಟಿಯಾಗಿ ಓದಿದೆ. ಕಾಕೂ ನಗಲಿಲ್ಲ. ಒಳಗೆ ಹೋಗಿ ಆ ಸೀರೆಯ ಚೀಲ ತಂದು ನನ್ನ ತೊಡೆಯ ಮೇಲಿಟ್ಟಳು.

“ಗ್ವಾಡಿ ಮ್ಯಾಲ ಇರೋರು ಯಾರೋ ನನಗ ಗೊತ್ತಿಲ್ಲಪಾ. ನಮ್ಮವ್ರು ಇದರಾಗ ಅದಾರ. ತಗಿ.”

ಕಾರ್ಡನ್ನು ಮೊಬೈಲಿಗೆ ಜೋಡಿಸಿ ಒಂದೊಂದೇ ಸರಿಸಿದೆ. ಹೊಟ್ಟೆ ಹಿಡಿದು ನಗುವ ಕಾಕಾ ಬಂದಾಗ ಅವಳು ನನ್ನ ಕೈ ಹಿಡಿದಳು. “ಇವ್ರನ್ನ ಹಾಕು ಗ್ವಾಡಿಗೆ. ನಕ್ಕಾಗ ಅವ್ರ ಕಣ್ಣ ಯಾವಾಗ ತಗದಿದ್ವು?”

ಅದನ್ನು ಮೊಬೈಲಿಗೆ ಇಳಿಸಲು ಹೋದೆ. ಜಾಗವಿಲ್ಲ, ಅಳಿಸಬೇಕೇ ಎಂದು ಅದು ಮತ್ತೆ ಕೇಳಿತು.

ಅಳಿಸಿದ್ದು ಸಾಕು ಬಿಡೋ ಮಾರಾಯ ಎಂದು ಕಣ್ಣೊರೆಸಿಕೊಂಡೆ.